ಹೊಳೆಗೆ ಎತ್ತಿಟ್ಟ ದಿನ

2017ರ ನವೆಂಬರಿನ ಒಂದು ಭಾನುವಾರ. ರಾತ್ರಿ ಊಟದ ತಟ್ಟೆ ಎತ್ತಿ, ನೆಲ ಒರೆಸಿ, ಅಡುಗೆಮನೆಯಲ್ಲೇ ಮಗಳ ಶಾಲೆಯ ಅಟ್ಲಾಸ್ ಬಿಡಿಸಿಕೊಂಡು ನಾವು ನಾಲ್ವರೂ ಕೂತಿದ್ದೆವು. ಬಂಗಾಳ ಕೊಲ್ಲಿಯ ಬಲಗಡೆ, ಯಾರೋ ರಾಗಿ ಚೆಲ್ಲಿದಂತೆ ಮೇಲಿಂದ ಕೆಳಗೆ ಸಾಲಾಗಿ ಬಿದ್ದಿದ್ದ ಚುಕ್ಕೆಗಳ ಮೇಲೆ ಮಗಳು ಬೆರಳಾಡಿಸುತ್ತಿದ್ದಳು. ಅವಳಿಗೆ ಆಗ ಹನ್ನೊಂದು ವರ್ಷ. ಅತ್ತೆ ಗೋಡೆಗೆ ಒರಗಿ ಅಡಿಕೆ ಕತ್ತರಿಸುತ್ತ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು.

ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಪ್ರವಾಸ ಅಂದರೆ ದೇವರ ದರ್ಶನ. ಧರ್ಮಸ್ಥಳ, ಸುಬ್ರಹ್ಮಣ್ಯ, ಹೊರನಾಡು, ಶೃಂಗೇರಿ. ಹೋದಲ್ಲಿ ಪ್ರಸಾದದ ಊಟ, ಇಲ್ಲವೇ ಯಾರಾದರೂ ನೆಂಟರ ಮನೆ. ಖರ್ಚು ಬಸ್ಸಿನದಷ್ಟೇ. ನಾನು ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ಶಿಕ್ಷಕಿ, ಯಜಮಾನರು ಸಹಕಾರಿ ಸಂಘವೊಂದರಲ್ಲಿ ಗುಮಾಸ್ತರು. ಸಾಲವಿಲ್ಲ, ಹೆಚ್ಚಿನದೂ ಇಲ್ಲ ಅನ್ನುವ ಸಂಸಾರ. ಆದರೆ ತರಗತಿಯಲ್ಲಿ ಪ್ರತಿ ವರ್ಷ ಹವಳದ ದಿಬ್ಬ, ಉಷ್ಣವಲಯದ ಕಾಡು, ಉಬ್ಬರವಿಳಿತ ಎಂದು ಪಾಠ ಮಾಡುತ್ತಿದ್ದ ನಾನು ಅವುಗಳಲ್ಲಿ ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ. ಅದೊಂದು ಕೊರಗು ಒಳಗೊಳಗೇ ಇತ್ತು. ಹಾಗೆಂದೇ ತಿಂಗಳಿಗೆ 5,000ದಂತೆ ಎರಡು ವರ್ಷದ ಆರ್‌ಡಿ ಕಟ್ಟಲು ಶುರು ಮಾಡಿದ್ದೆ. ಬರುವ ಮಾರ್ಚ್‌ಗೆ ಬಡ್ಡಿ ಸೇರಿ 1,28,000 ಚಿಲ್ಲರೆ ಕೈಗೆ ಬರುವುದಿತ್ತು. ಆ ದುಡ್ಡಿಗೆ ಬೇರೆ ಯಾವ ಕೆಲಸವನ್ನೂ ಹಚ್ಚಬಾರದು ಎಂದು ಆಣೆ ಹಾಕಿಕೊಂಡಿದ್ದೆವು.

ಮೊದಲು ಕಣ್ಣು ಹೋದದ್ದು ಲಕ್ಷದ್ವೀಪದ ಕಡೆಗೆ. ಹತ್ತಿರ, ನಮ್ಮದೇ ಪಡುವಣ ಕಡಲು. ಆದರೆ ಅಲ್ಲಿಗೆ ಹೋಗಲು ಮೊದಲೇ ಪರವಾನಗಿ ಬೇಕು, ಕೊಚ್ಚಿಯಿಂದ ಹಡಗು ಇಲ್ಲವೇ ವಿಮಾನ, ಉಳಿಯುವ ಜಾಗವೂ ಕಡಿಮೆ. ನಾಲ್ಕು ಜನರ ಲೆಕ್ಕ ಹಾಕಿದಾಗ ನಮ್ಮ ಆರ್‌ಡಿ ಸಾಲಲಿಲ್ಲ. ಅಂಡಮಾನಿಗೆ ಭಾರತೀಯರಿಗೆ ಅಂಥ ಪರವಾನಗಿ ಬೇಕಿಲ್ಲ, ಬೆಂಗಳೂರಿನಿಂದ ವಿಮಾನ ಇದೆ, ಸಾಧಾರಣ ದರದ ಕೋಣೆಗಳೂ ಸಿಗುತ್ತವೆ. ಚೆನ್ನೈಯಿಂದ ಹಡಗೂ ಉಂಟು. ಆದರೆ ಅದು ಮೂರು ದಿನದ ಪಯಣ. ಹೋಗಿ ಬರುವುದರಲ್ಲೇ ರಜೆ ಮುಗಿಯುತ್ತದೆ. ಏಪ್ರಿಲ್ ಎರಡನೆಯ ವಾರ ಶಾಲೆಗೆ ರಜೆ. ಮೇ ಮೂರನೆಯ ವಾರದ ಹೊತ್ತಿಗೆ ಅಂಡಮಾನಿಗೆ ಮುಂಗಾರು ಬಂದುಬಿಡುತ್ತದೆ. ನಡುವೆ ನಮಗೆ ಸಿಗುವುದು ಏಪ್ರಿಲ್ ಕೊನೆಯ ಎರಡು ವಾರ. ಹೀಗೆ ದಿಕ್ಕು, ತಿಂಗಳು ಎರಡೂ ತೀರ್ಮಾನವಾದವು.

ಮಗಳ ಕೈಯಲ್ಲಿ ಒಂದು ನೂರು ಪುಟದ ನೋಟ್‌ಬುಕ್ಕು. ಅದರಲ್ಲಿ ಅವಳು ಏಳು ಜಾಗಗಳ ಪಟ್ಟಿ ಮಾಡಿದ್ದಳು: ರಾಸ್, ನಾರ್ತ್ ಬೇ, ಹ್ಯಾವ್‌ಲಾಕ್, ನೀಲ್, ಬಾರಾಟಾಂಗ್, ಉತ್ತರದ ತುದಿಯ ಡಿಗ್ಲಿಪುರದ ಬಳಿ ಮರಳ ದಂಡೆಯೊಂದು ಜೋಡಿಸಿರುವ ಅವಳಿ ದ್ವೀಪಗಳು, ಕೊನೆಗೆ ದೇಶದ ಏಕೈಕ ಜೀವಂತ ಜ್ವಾಲಾಮುಖಿಯಿರುವ ಬ್ಯಾರೆನ್. ಇವೆಲ್ಲ ಐದು ದಿನದಲ್ಲಿ. ಆರನೇ ದಿನ ವಾಪಸು ವಿಮಾನ. ಯಜಮಾನರು ತಲೆದೂಗುತ್ತಿದ್ದರು. ನಾನೂ ಲೆಕ್ಕ ಸರಿಯಾಗಿದೆ ಅಂದುಕೊಂಡೆ.

ಅಡಿಕೆ ಕತ್ತರಿ ನಿಂತಿತು. "ಅಲ್ವೇ ಮಾರಾಯ್ತಿ, ಇದರಲ್ಲಿ ಹೊಳೆಗೆ ಅಂತ ಒಂದು ದಿನ ಎಲ್ಲಿ ಎತ್ತಿಟ್ಟಿದೀರಿ?" ಅಂದರು ಅತ್ತೆ.

ನಮಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು.

ಅತ್ತೆಯ ತವರು ಸಾಗರ ತಾಲ್ಲೂಕಿನ ತುಮರಿ ಕಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿ ಹಿಂದಕ್ಕೆ ತುಂಬಿಕೊಂಡಾಗ ಅವರಿಗೆ ಹನ್ನೆರಡು ವರ್ಷ. ಗದ್ದೆ, ತೋಟ, ಹುಟ್ಟಿದ ಮನೆ ಎಲ್ಲ ನೀರಿನಡಿ ಹೋದವು. ಗುಡ್ಡದ ಮೇಲೆ ಹೊಸ ಮನೆ ಕಟ್ಟಿಕೊಂಡರು. ಮುಳುಗಡೆಯ ಹಿನ್ನೀರು ಆ ಸೀಮೆಯನ್ನು ದ್ವೀಪದ ಹಾಗೆ ಮಾಡಿಬಿಟ್ಟಿತ್ತು. ಸಾಗರದ ಸಂತೆಗೆ, ಆಸ್ಪತ್ರೆಗೆ, ಕೋರ್ಟಿಗೆ ಎಲ್ಲದಕ್ಕೂ ಹೊಳೆ ದಾಟಬೇಕಿತ್ತು. ಮೊದಲು ದೋಣಿ, ಆಮೇಲೆ ಲಾಂಚ್. ಗಾಳಿ ಎದ್ದರೆ ಲಾಂಚಿಲ್ಲ. ಬೇಸಿಗೆಯಲ್ಲಿ ನೀರು ಇಳಿದರೂ ತೊಂದರೆ. ಕತ್ತಲಾದ ಮೇಲಂತೂ ಆಚೆ ದಡ ಆಚೆಗೇ ಉಳಿಯಿತು.

"ಹೊಳೆಯಾಚೆ ಹುಟ್ಟಿದವರಿಗೆ ಮೂರು ಮಾತು ಬಾಯಿಪಾಠ" ಅಂದರು. "ಕೊನೇ ಲಾಂಚ್ ನಂಬಿ ಹೊರಡಬಾರದು. ದಾಟೋ ದಿವಸ ಬೇರೆ ಕೆಲಸ ಇಟ್ಕೋಬಾರದು. ಗಂಟಿನಲ್ಲಿ ಒಂದು ಹೊತ್ತಿನ ಊಟ, ಒಂದು ಜೊತೆ ಬಟ್ಟೆ ಹೆಚ್ಚಿಗೆ ಇರಬೇಕು. ಲಾಂಚ್ ನಂಬಿ ಮುಹೂರ್ತ ಇಟ್ಟ ಮದುವೆಗೆ ದಿಬ್ಬಣ ಮುಟ್ಟಿದ್ದು ಮರುದಿನವೇ. ಅಂಥದ್ರಲ್ಲಿ ನೀವು ವಿಮಾನಕ್ಕೆ ಮುಹೂರ್ತ ಇಟ್ಟಿದೀರಿ."

ಅದಕ್ಕೆ ಸರಿಯಾಗಿ ಹಿಂದಿನ ವರ್ಷದ ಸುದ್ದಿ ಯಜಮಾನರಿಗೆ ನೆನಪಾಯಿತು. 2016ರ ಡಿಸೆಂಬರಿನಲ್ಲಿ ಚಂಡಮಾರುತದ ಗಾಳಿಮಳೆಗೆ ದೋಣಿ ಸಂಚಾರ ನಿಂತು ಹ್ಯಾವ್‌ಲಾಕಿನಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಹಾಕಿಕೊಂಡಿದ್ದರು. ಕರೆತರಲು ನೌಕಾಪಡೆಯ ಹಡಗುಗಳೇ ಹೋಗಬೇಕಾಯಿತು. ನಾವು ನೋಡುವ ಜಾಗಗಳನ್ನು ಲೆಕ್ಕ ಹಾಕಿದ್ದೆವೇ ಹೊರತು ದಾಟುವ ನೀರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆ ರಾತ್ರಿಯೇ ಪಟ್ಟಿಗೆ ಕತ್ತರಿ ಬಿತ್ತು. ಬ್ಯಾರೆನ್ ನಮ್ಮ ದುಡ್ಡಿಗೆ ಮೀರಿದ್ದು. ಡಿಗ್ಲಿಪುರ ಪೋರ್ಟ್‌ಬ್ಲೇರ್‌ನಿಂದ ಒಂದಿಡೀ ದಿನದ ರಸ್ತೆ. ಹೋಗಿ ಬರಲು ಎರಡು ದಿನ ಬಸ್ಸಿನಲ್ಲೇ ಕಳೆಯಬೇಕು. ಬಾರಾಟಾಂಗಿನ ಸುಣ್ಣಕಲ್ಲಿನ ಗುಹೆ ನೋಡಬೇಕೆಂದು ನನಗೆ ಬಹಳ ಆಸೆಯಿತ್ತು. ಆದರೆ ಆ ದಾರಿ ಹಾಯುವುದು ಜಾರವಾ ಜನರ ಮೀಸಲು ಕಾಡಿನ ನಡುವೆ. ಪೊಲೀಸ್ ಕಾವಲಿನಲ್ಲಿ ವಾಹನಗಳು ಸಾಲಾಗಿ ಹೋಗುತ್ತವೆ, ನಿಲ್ಲಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ಅದನ್ನು ಓದಿ ಹೇಳಿದಾಗ ಅತ್ತೆ ಕೇಳಿದರು: "ಅವರ ಅಂಗಳದಲ್ಲಿ ಹಾದು ಹೋಗಿ ನೋಡೋವಂಥದ್ದು ಎಂತದ್ದಿದೆ ಅಲ್ಲಿ?" ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನೂ ಹೊಡೆದು ಹಾಕಿದೆ. ಇಂದಿಗೂ ಆ ಬಗ್ಗೆ ಬೇಸರವಿಲ್ಲ.

ಉಳಿದದ್ದು ಹ್ಯಾವ್‌ಲಾಕ್, ನೀಲ್, ಸಾಧ್ಯವಾದರೆ ರಾಸ್. ಪೋರ್ಟ್‌ಬ್ಲೇರ್‌ನಲ್ಲಿ ಒಂದು ರಾತ್ರಿ, ಹ್ಯಾವ್‌ಲಾಕಿನಲ್ಲಿ ಎರಡು, ನೀಲ್‌ನಲ್ಲಿ ಒಂದು, ಮತ್ತೆ ಪೋರ್ಟ್‌ಬ್ಲೇರ್‌ನಲ್ಲಿ ಎರಡು, ಏಳನೇ ದಿನ ವಿಮಾನ. ಆರನೇ ದಿನದ ಮುಂದೆ ಮಗಳು ದುಂಡಗೆ ಬರೆದಳು: "ಹೊಳೆಗೆ". ಪಕ್ಕದಲ್ಲಿ ಪೆನ್ಸಿಲಿನಲ್ಲಿ, ಚಿಕ್ಕದಾಗಿ, "ರಾಸ್?" ಅಂತ.

ದ್ವೀಪ ಕಡಿಮೆಯಾದಂತೆ ಖರ್ಚಿನ ಲೆಕ್ಕವೂ ಹಗುರಾಯಿತು. ಒಂದು ದ್ವೀಪದಿಂದ ಇನ್ನೊಂದಕ್ಕೆ ಹಾರುವುದೆಂದರೆ ಬರಿಯ ದೋಣಿಯ ಟಿಕೆಟ್ಟಲ್ಲ. ಜೆಟ್ಟಿಗೆ ಆಟೊ, ಇಳಿದ ಮೇಲೆ ಮತ್ತೆ ಆಟೊ, ಬೆಳಿಗ್ಗೆ ಎಂಟಕ್ಕೇ ಕೋಣೆ ಬಿಟ್ಟು ಮಧ್ಯಾಹ್ನದವರೆಗೆ ಚೀಲ ಕಾಯುವುದು, ಹೊರಗಿನ ಊಟ, ಅರ್ಧ ದಿನ. ನೋಟ್‌ಬುಕ್ಕಿನ ಮಧ್ಯದ ಪುಟದಲ್ಲಿ ನಮ್ಮ ಲೆಕ್ಕ ಹೀಗಿತ್ತು: ವಿಮಾನ 52,000, ಆರು ರಾತ್ರಿಯ ಕೋಣೆ 21,000, ದೋಣಿ 10,000, ಊಟ ತಿಂಡಿ 13,000, ಆಟೊ ಟ್ಯಾಕ್ಸಿ 9,000, ನೀರಿನಾಟಕ್ಕೆ 5,000, ಶಿವಮೊಗ್ಗ–ಬೆಂಗಳೂರು ಹೋಗಿ ಬರಲು 5,000, ಗಂಟಿನ ದುಡ್ಡು 10,000. ಕೊನೆಯದು ಅತ್ತೆಯ ಮೂರನೇ ಮಾತಿಗೆ. ಒಟ್ಟು 1,25,000.

ವಿಮಾನದ ಟಿಕೆಟ್ ಡಿಸೆಂಬರಿನಲ್ಲೇ ಕೊಂಡೆವು. ಮೊದಲ ದಾಟುವಿಕೆಗೆ ಖಾಸಗಿ ದೋಣಿಯಲ್ಲಿ ಮನೆಯಿಂದಲೇ ಸೀಟು ಕಾದಿರಿಸಿದೆವು. ಸರ್ಕಾರಿ ದೋಣಿಯ ದರ ಅದರ ಅರ್ಧಕ್ಕೂ ಕಡಿಮೆ ಇತ್ತು, ಆದರೆ ಟಿಕೆಟ್ ಆಗ ಸಿಗುತ್ತಿದ್ದುದು ಹೊರಡುವ ಕೆಲವೇ ದಿನ ಮುಂಚೆ. ಅದನ್ನು ಹ್ಯಾವ್‌ಲಾಕಿನಿಂದ ನೀಲ್‌ಗೆ ಇಟ್ಟುಕೊಂಡೆವು. ಕೊನೆಯ ಎರಡು ರಾತ್ರಿಯ ಕೋಣೆಗೆ ಮುಂಗಡ ಕೊಡಲಿಲ್ಲ. ಫೋನಿನಲ್ಲಿ ಮಾತಾಡಿ ಇಟ್ಟೆವು. ಚೆನ್ನೈಯಿಂದ ಸಮುದ್ರದಡಿಯ ಕೇಬಲ್ ಅಲ್ಲಿಗೆ ಬಂದದ್ದು 2020ರ ಆಗಸ್ಟ್‌ನಲ್ಲಿ; ನಾವು ಹೋದಾಗಿನ್ನೂ ಎಲ್ಲ ಉಪಗ್ರಹದ ಮೂಲಕವೇ, ಇಂಟರ್‌ನೆಟ್ ತೆವಳುತ್ತಿತ್ತು. ಹಾಗಾಗಿ ಕಾರ್ಡು ನಂಬದೆ ನಗದನ್ನೇ ಮೂರು ಕಡೆ ಹಂಚಿಟ್ಟುಕೊಂಡೆವು. ಒಂದು ಪಾಲು ಅತ್ತೆಯ ಅವಲಕ್ಕಿ ಡಬ್ಬದಲ್ಲಿತ್ತು.

ಪೋರ್ಟ್‌ಬ್ಲೇರ್‌ನಲ್ಲಿ ಇಳಿದ ದಿನ ನಮ್ಮನ್ನು ಮೊದಲು ಬೆರಗುಗೊಳಿಸಿದ್ದು ಗಡಿಯಾರ. ಗಂಟೆ ನಮ್ಮೂರಿನದೇ, ಸೂರ್ಯ ಬೇರೆ. ದೇಶದ ಅಷ್ಟು ಪೂರ್ವಕ್ಕೆ ಹೋದರೆ ಬೆಳಿಗ್ಗೆ ಐದಕ್ಕೇ ಬೆಳಕು ಹರಿಯುತ್ತದೆ, ಸಂಜೆ ಆರಕ್ಕೆ ಕತ್ತಲು ಕವಿಯುತ್ತಿರುತ್ತದೆ. ರೇಖಾಂಶದ ಪಾಠ ಹದಿನಾರು ವರ್ಷ ಮಾಡಿದ್ದೆ. ಅದು ಮೈಗೆ ಮುಟ್ಟಿದ್ದು ಅಂದು. ದಿನದ ಯೋಜನೆಯನ್ನೆಲ್ಲ ಒಂದು ಗಂಟೆ ಹಿಂದಕ್ಕೆ ಸರಿಸಿಕೊಂಡೆವು.

ಅತ್ತೆಗೆ ಅಂಡಮಾನ್ ಅಂದರೆ ಕರಿನೀರಿನ ಶಿಕ್ಷೆ. ಹಾಗಾಗಿ ಸೆಲ್ಯುಲರ್ ಜೈಲಿಗೆ ಮೊದಲು ಹೋಗಬೇಕೆಂದು ಹಟ ಹಿಡಿದರು. 1906ರಲ್ಲಿ ಕಟ್ಟಿ ಮುಗಿಸಿದ ಆ ಸೆರೆಮನೆಗೆ ನಡುವಿನ ಗೋಪುರದಿಂದ ಚಕ್ರದ ಅರಗಳಂತೆ ಹೊರಟ ಏಳು ಸಾಲುಗಳಿದ್ದವು. ಈಗ ಉಳಿದಿರುವುದು ಮೂರು. ಒಂದು ಸಾಲಿನ ಕೋಣೆಗಳ ಬಾಗಿಲಿಗೆ ಕಾಣುವುದು ಮುಂದಿನ ಸಾಲಿನ ಬೆನ್ನು. ಎದುರಿಗೊಂದು ಮನುಷ್ಯ ಮುಖ ಕಾಣದಂತೆ ಕಟ್ಟಿದ್ದು. ಅಂಥ ಕೋಣೆಯೊಂದರೊಳಗೆ ಅತ್ತೆ ಒಬ್ಬರೇ ಹೋಗಿ ನಿಂತರು. ಮೇಲಿನ ಕಿಂಡಿಯನ್ನು ನೋಡಿದರು. ಹೊರಬಂದು ಹೇಳಿದ್ದು ಇಷ್ಟೇ: "ಸುತ್ತ ಅಷ್ಟು ನೀರು. ಒಂದು ಹನಿ ಕಾಣದ ಹಾಗೆ ಕಿಂಡಿ ಇಟ್ಟಿದಾರೆ."

ಹ್ಯಾವ್‌ಲಾಕಿನಲ್ಲಿ ಕಡಲತೀರಗಳಿಗೆ ಅಂಕಿಗಳ ಹೆಸರು. ಏಳನೇ ನಂಬರಿನದು ರಾಧಾನಗರ. ಆಕಾಶಕ್ಕೆ ಚಾಚಿದ ಮರಗಳ ಕಾಡು ಮುಗಿದಲ್ಲೇ ಹಿಟ್ಟಿನಂಥ ಮರಳು, ಅದರಾಚೆ ಎಳೆಬಾಳೆಯ ಸುಳಿಯ ಬಣ್ಣದ ನೀರು. ಅತ್ತೆ ಮೊದಲು ಬಾಗಿ ಬೊಗಸೆಯಲ್ಲಿ ನೀರೆತ್ತಿ ಕಣ್ಣಿಗೊತ್ತಿಕೊಂಡರು, ತಲೆಗೆ ಪ್ರೋಕ್ಷಿಸಿಕೊಂಡರು. ಆಮೇಲೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಮೊಣಕಾಲುದ್ದದ ನೀರಿನಲ್ಲಿ ಒಂದು ಗಂಟೆ ನಿಂತರು. ಎರಡು ರಾತ್ರಿ ಇದ್ದುದರಿಂದ ಮರುದಿನವೂ ಅಲ್ಲಿಗೇ ಹೋದೆವು. ಒಂದೇ ತೀರಕ್ಕೆ ಎರಡು ಸಲ ಹೋಗುವುದು ದುಡ್ಡು ದಂಡವಲ್ಲವೇ ಎಂದು ಹೊರಡುವ ಮೊದಲು ನಾನೇ ಕೇಳಿದ್ದೆ. ಮೊದಲ ದಿನ ನೋಡಿದ್ದೆವು, ಎರಡನೆಯ ದಿನ ಅಲ್ಲಿ ಇದ್ದೆವು. ಆ ವ್ಯತ್ಯಾಸ ನನಗೆ ಗೊತ್ತಾದದ್ದು ಅಲ್ಲಿ.

ನೀಲ್‌ಗೆ ಸರ್ಕಾರಿ ದೋಣಿ. ಖಾಸಗಿ ದೋಣಿಯಲ್ಲಿ ಎ.ಸಿ. ಕೋಣೆಯ ಗಾಜಿನೊಳಗಿಂದ ಸಮುದ್ರ ನೋಡಿದ್ದೆವು. ಇಲ್ಲಿ ಕಡಿಮೆ ದುಡ್ಡಿಗೆ ತೆರೆದ ಡೆಕ್ಕು. ತರಕಾರಿ ಬುಟ್ಟಿ, ಕೋಳಿ ಪಂಜರ, ಶಾಲೆಯ ಹುಡುಗರು, ಮೊಪೆಡ್ಡಿನ ಬಿಡಿಭಾಗ ಕಟ್ಟಿಕೊಂಡ ಮೆಕ್ಯಾನಿಕ್ಕು. ಅತ್ತೆಯ ಮುಖ ಅರಳಿತು. "ಇದು ನಮ್ಮ ಲಾಂಚೇ" ಎಂದರು. ಅಷ್ಟರಲ್ಲಿ ದೋಣಿಯ ಮಗ್ಗುಲಲ್ಲಿ ನೀರು ಸೀಳಿ ಬೆಳ್ಳಿ ಚೂರಿನಂಥದ್ದೊಂದು ಹಾರಿತು, ಇಪ್ಪತ್ತು ಮಾರು ಗಾಳಿಯಲ್ಲೇ ತೇಲಿ ಮತ್ತೆ ನೀರಿಗಿಳಿಯಿತು. ಹಾರುವ ಮೀನು! ಮಗಳು ಕಟಕಟೆ ಹಿಡಿದು ಹದಿನೇಳರವರೆಗೆ ಎಣಿಸಿದಳು.

ನೀಲ್ ಪುಟ್ಟ ದ್ವೀಪ. ಊರುಗಳಿಗೆ ರಾಮಾಯಣದ ಹೆಸರು: ಭರತಪುರ, ಲಕ್ಷ್ಮಣಪುರ, ಸೀತಾಪುರ. ತೀರದಿಂದ ಒಳಕ್ಕೆ ಬಂದರೆ ತೆಂಗು, ಅಡಿಕೆ, ಬದನೆ, ಕುಂಬಳದ ಚಪ್ಪರ. ಅಲ್ಲಿನ ಕಲ್ಲಿನ ಕಮಾನನ್ನು ನೀರು ಇಳಿದಾಗಲೇ ನೋಡಬೇಕು. ಮಗಳು ಇಳಿತದ ಹೊತ್ತು ವಿಚಾರಿಸಿ ನಮ್ಮನ್ನು ನಸುಕಿಗೇ ಎಬ್ಬಿಸಿದಳು. ಬಂಡೆಯ ಗುಂಡಿಗಳಲ್ಲಿ ನಿಂತ ನೀರಿನಲ್ಲಿ ಕಪ್ಪು ಬದನೆಯಂತೆ ಬಿದ್ದುಕೊಂಡ ಸಮುದ್ರ ಸೌತೆ, ನೀಲಿ ತುಟಿಯ ಚಿಪ್ಪು, ಬೆರಳುದ್ದದ ಪಟ್ಟೆ ಮೀನು. ಹವಳದ ಒಂದು ಬಿಳಿ ಚೂರನ್ನು ಅವಳು ಜೇಬಿಗಿಳಿಸಿದಾಗ ದಾರಿ ತೋರಿಸಲು ಬಂದ ಹುಡುಗ ಕೈಚಾಚಿ ತಡೆದ. ಸತ್ತ ಹವಳವನ್ನೂ ಒಯ್ಯುವುದು ಅಪರಾಧ. ಅವಳು ಅದನ್ನು ಎತ್ತಿದ ಗುಂಡಿಯಲ್ಲೇ ಮರಳಿ ಇಟ್ಟಳು.

ಮಧ್ಯಾಹ್ನದ ದೋಣಿಗೆಂದು ಜೆಟ್ಟಿಗೆ ಬಂದಾಗ ಗಾಳಿ ಎದ್ದಿತ್ತು. ಬೆಳಿಗ್ಗೆ ಗಾಜಿನಂತಿದ್ದ ನೀರು ಬೂದಿ ಬಣ್ಣಕ್ಕೆ ತಿರುಗಿ ಕಂಬಗಳಿಗೆ ಅಪ್ಪಳಿಸುತ್ತಿತ್ತು. ಇಂದು ದೋಣಿ ಇಲ್ಲ ಎಂದರು. ಸುತ್ತ ಗದ್ದಲವೆದ್ದಿತು. ಮರುದಿನ ವಿಮಾನವಿದ್ದ ಒಂದು ಕುಟುಂಬದ ಹೆಂಗಸು ಚೀಲದ ಮೇಲೆ ಕೂತು ಅಳುತ್ತಿದ್ದಳು. ನಮ್ಮ ಮೊದಲ ಪಟ್ಟಿಯಂತೆ ಬಂದಿದ್ದರೆ ನಾವೂ ಆರನೇ ದಿನ ಹಾರಬೇಕಿತ್ತು, 26,000 ರೂಪಾಯಿಯ ಟಿಕೆಟ್ ಕಣ್ಣೆದುರೇ ಹೋಗುತ್ತಿತ್ತು. ಯಜಮಾನರು ಏನೂ ಹೇಳದೆ ತಾಯಿಯ ಕೈಯಿಂದ ಚೀಲ ಇಸಿದುಕೊಂಡರು. ಅತ್ತೆ ನೀರನ್ನೇ ನೋಡುತ್ತ "ತಗೊಳ್ಳಲಿ. ಅದಕ್ಕೇ ಎತ್ತಿಟ್ಟದ್ದಲ್ವಾ" ಅಂದರು.

ಮತ್ತೆ ಅದೇ ಮನೆಗೆ ಹೋದೆವು. ತೋಟದ ನಡುವೆ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುವ ಬಂಗಾಳಿ ಕುಟುಂಬ. ಆ ಮನೆಯ ಹಿರಿಯಾಕೆ ಅತ್ತೆಯ ವಾರಿಗೆಯವರು. ಅಂಗಳದಲ್ಲಿ ಅಲಸಂದೆ ಸೋಸುತ್ತಿದ್ದರು. ಅತ್ತೆ ಕೇಳದೆಯೇ ಪಕ್ಕದಲ್ಲಿ ಕೂತು ಒಂದು ಹಿಡಿ ಎತ್ತಿಕೊಂಡರು. ಭಾಷೆ ಬೇಕಿರಲಿಲ್ಲ, ನಾರು ತೆಗೆಯುವ ಕ್ರಮ ಒಂದೇ. ಸ್ವಲ್ಪ ಹೊತ್ತಿಗೆ ಮಾತೂ ಬೇಕೆನಿಸಿತು. ಆಕೆಯ ಮಗನ ಹಿಂದಿ, ನನ್ನ ಹಿಂದಿ ಸೇತುವೆಯಾದವು.

ಪೂರ್ವ ಬಂಗಾಳ ಬಿಟ್ಟು ಬಂದ ನಿರಾಶ್ರಿತರಿಗೆ ಸರ್ಕಾರ 1960ರ ದಶಕದಲ್ಲಿ ಆ ದ್ವೀಪದಲ್ಲಿ ನೆಲ ಕೊಟ್ಟಿತ್ತು. ಆಕೆ ಅಪ್ಪನ ಕೈ ಹಿಡಿದು ಬಂದಾಗ ಸುತ್ತ ಬರಿಯ ಕಾಡಂತೆ. ಅತ್ತೆಯೂ ಹೇಳಿದರು: ಹನ್ನೆರಡನೆಯ ವಯಸ್ಸು, ಏರುವ ನೀರು, ಹೊಸಿಲವರೆಗೆ ಬಂದ ಹೊಳೆ, ಹಟ್ಟಿಯಿಂದ ಹೊಡೆದುಕೊಂಡು ಹೋದ ದನ. ಅದೇ ದಶಕ. ಒಬ್ಬರ ನೆಲ ಗಡಿಯಾಚೆ ಉಳಿದು ದ್ವೀಪ ಸಿಕ್ಕಿತು, ಇನ್ನೊಬ್ಬರ ನೆಲ ಮುಳುಗಿ ಉಳಿದದ್ದು ದ್ವೀಪವಾಯಿತು. ಆಸ್ಪತ್ರೆಯ ಮಾತು ಬಂದಾಗ ಇಬ್ಬರೂ ದನಿ ತಗ್ಗಿಸಿದರು. ರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ದಡದಲ್ಲಿ ಬೆಳಕಿಗಾಗಿ ಕಾದವರ ಕಥೆ ಇಬ್ಬರ ಬಳಿಯೂ ಇತ್ತು. ಆ ಕಥೆಗಳನ್ನು ನಾನು ಬರೆಯಲಾರೆ, ಅವು ಅವರಿಬ್ಬರವು.

ಎರಡು ವರ್ಷ ದುಡ್ಡು ಕೂಡಿಟ್ಟು, ನಾಲ್ಕು ತಿಂಗಳು ಲೆಕ್ಕ ಹಾಕಿ ನಾನು ದ್ವೀಪ ನೋಡಲು ಬಂದಿದ್ದೆ. ದ್ವೀಪದಲ್ಲೇ ಬೆಳೆದವರು ಹದಿನಾಲ್ಕು ವರ್ಷಗಳಿಂದ ನಮ್ಮ ಮನೆಯ ಅಡುಗೆಕೋಣೆಯಲ್ಲೇ ಇದ್ದರು. ಅವರ ತವರಿಗೆ ಹೋಗುವಾಗಲೆಲ್ಲ ಲಾಂಚ್ ತಡವಾಯಿತೆಂದು ಗೊಣಗಿದ್ದೆ. ನನ್ನ ಪಾಲಿಗೆ ಅದು ತಡ. ಅವರ ಪಾಲಿಗೆ ಅದು ಬದುಕಿನ ಅಳತೆ.

ಮರುದಿನ ಬೆಳಿಗ್ಗೆ ಕಡಲು ತಣ್ಣಗಾಗಿತ್ತು. ಹೊರಡುವಾಗ ಅತ್ತೆ ತಮ್ಮ ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬವನ್ನು ಆಕೆಗೆ ಕೊಟ್ಟರು. ಆಕೆ ಕುಂಬಳದ ಬೀಜವನ್ನು ಕಾಗದದಲ್ಲಿ ಕಟ್ಟಿ ಕೊಟ್ಟರು. ಪೋರ್ಟ್‌ಬ್ಲೇರ್ ಮುಟ್ಟಿದಾಗ ಮಧ್ಯಾಹ್ನ. ರಾಸ್ ದ್ವೀಪಕ್ಕೆ ಹೊತ್ತಿರಲಿಲ್ಲ. ಬೇರುಗಳು ತಬ್ಬಿಕೊಂಡ ಬ್ರಿಟಿಷರ ಗೋಡೆಗಳನ್ನು, ಅಲ್ಲಿ ಓಡಾಡುವ ಜಿಂಕೆಗಳನ್ನು ಮಗಳು ನೋಡಲಿಲ್ಲ. ಅವಳು ಪೆನ್ಸಿಲಿನ "ರಾಸ್?" ಅನ್ನು ರಬ್ಬರಿನಿಂದ ಅಳಿಸಿದಳು. "ಹೊಳೆಗೆ" ಹಾಗೇ ಉಳಿಯಿತು.

ಅದೇ 2018ರ ಡಿಸೆಂಬರ್ 30ರಂದು ಆ ಮೂರೂ ದ್ವೀಪಗಳ ಹೆಸರು ಬದಲಾಯಿತು. ಸುಭಾಷ್‌ಚಂದ್ರ ಬೋಸರು ಪೋರ್ಟ್‌ಬ್ಲೇರ್‌ನಲ್ಲಿ ಧ್ವಜ ಹಾರಿಸಿದ 75ನೇ ವರ್ಷದ ನೆನಪಿಗೆ ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು, ರಾಸ್‌ಗೆ ಬೋಸರ ಹೆಸರೇ ಬಂತು. ಪೋರ್ಟ್‌ಬ್ಲೇರ್ ಕೂಡ 2024ರಲ್ಲಿ ಶ್ರೀ ವಿಜಯಪುರಂ ಆಗಿದೆ.

ನಮ್ಮ ಹೊಳೆಯೂ ಬದಲಾಯಿತು. 2025ರ ಜುಲೈನಲ್ಲಿ ಅಂಬಾರಗೊಡ್ಲು–ಕಳಸವಳ್ಳಿ ನಡುವೆ ಸುಮಾರು ಎರಡೂವರೆ ಕಿಲೋಮೀಟರಿನ ಸೇತುವೆ ತೆರೆಯಿತು. ಆ ವರ್ಷದ ದಸರಾ ರಜೆಯಲ್ಲಿ ಅತ್ತೆಯನ್ನು ಕೂರಿಸಿಕೊಂಡು ಅದರ ಮೇಲೆ ಹೋದೆವು. ಅರ್ಧ ಆಯುಸ್ಸು ಕಾದ ನೀರನ್ನು ಕೆಲವೇ ನಿಮಿಷದಲ್ಲಿ ದಾಟಿದೆವು. ಲಾಂಚಿನ ದಿನಗಳೇ ಚೆನ್ನಾಗಿದ್ದವು ಅಂದಾರೆಂದು ನಾನು ಎಣಿಸಿದ್ದೆ. ಅವರು ಕಿಟಕಿಯಾಚೆ ನೋಡುತ್ತ "ಇನ್ನು ಬಸುರಿ ಹೆಂಗಸರು ದಡದಲ್ಲಿ ಕಾಯೋದು ತಪ್ಪಿತು" ಅಂದು ಕೈಮುಗಿದರು.

ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಮೂವರು ಗೆಳತಿಯರ ಜೊತೆ ಬರುವ ರಜೆಗೆ ಅಂಡಮಾನಿಗೇ ಹೊರಟಿದ್ದಾಳೆ. ಈ ಸಲ ಡಿಗ್ಲಿಪುರದ ಅವಳಿ ದ್ವೀಪ, ಹೋದ ಸಲ ತಪ್ಪಿದ ರಾಸ್. ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡು. ಮೊನ್ನೆ ಫೋನಿನಲ್ಲಿ ಮಾಡಿದ ಪಟ್ಟಿಯನ್ನು ಅಜ್ಜಿಗೆ ತೋರಿಸಲು ತಂದಳು. ಎಂಟು ದಿನ, ಎಂಟು ಸಾಲು. ಅತ್ತೆ ಕನ್ನಡಕ ಏರಿಸಿಕೊಂಡು ಬೆರಳಿನಿಂದ ಒಂದೊಂದೇ ಸಾಲು ಇಳಿಯುತ್ತ ಬಂದು ಏಳನೆಯದರ ಮೇಲೆ ನಿಂತರು. ಅಲ್ಲಿ ಊರಿನ ಹೆಸರಿರಲಿಲ್ಲ. "ಹೊಳೆಗೆ" ಎಂದಷ್ಟೇ ಇತ್ತು.